ಕರ್ತೃಪದವಿಲ್ಲದ ಒಂದು ಶಾಸನ



ಎರಡನೆಯ ಮಹಾಯುದ್ಧದ ಅಧ್ಯಾಯವನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಪಾಠ ಹೇಳಿದ್ದೇನೆಂಬುದು ನಿಮಗೆ ಗೊತ್ತು. ಆ ಅಧ್ಯಾಯದ ಕೊನೆಯಲ್ಲಿ ಅಣುಬಾಂಬಿಗೆ ಸಂಬಂಧಿಸಿದಂತೆ ಎರಡೇ ಎರಡು ವಾಕ್ಯಗಳಿರುತ್ತಿದ್ದವು. 1945ರ ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ. ಅನಂತರ ಜಪಾನಿನ ಶರಣಾಗತಿ. ಅಲ್ಲಿಗೆ ಅಧ್ಯಾಯ ಮುಗಿಯುತ್ತಿತ್ತು. ಒಂದು ವರ್ಷ, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಮಿತಭಾಷಿಯಾದ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಹಿರೋಷಿಮಾದ ಮೇಲೆ ಹಾಕೋದಕ್ಕೆ ಮುಂಚೆ ಎಲ್ಲಾದರೂ ಒಂದು ಕಡೆ ಸಿಡಿಸಿ ನೋಡಿರಬೇಕಲ್ವಾ? ಅಲ್ಲಿ ಯಾರೂ ಇರಲಿಲ್ವಾ?" ಎಂದು ಕೇಳಿದ್ದಳು. ಪ್ರಶ್ನೆಯ ಮೊದಲನೆಯ ಅರ್ಧಕ್ಕೆ ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಉತ್ತರವಿತ್ತು. ಎರಡನೆಯ ಅರ್ಧಕ್ಕೆ ಇರಲಿಲ್ಲ. ಆ ಉತ್ತರ ಪೂರ್ಣಗೊಳ್ಳಲು ಅಮೆರಿಕ ದೇಶಕ್ಕೇ ಎಂಬತ್ತು ವರ್ಷ ಬೇಕಾಯಿತೆಂದರೆ ನೀವು ಆಶ್ಚರ್ಯಪಡಬಹುದು. ಈ ಲೇಖನ ಆ ಎರಡನೆಯ ಅರ್ಧವನ್ನು ಕುರಿತದ್ದು. ಅದನ್ನು ಒಂದು ಕಲ್ಲಿನ ಮೂಲಕ ಹೇಳುವ ಪ್ರಯತ್ನ ಮಾಡುತ್ತೇನೆ.

ಹಿರೋಷಿಮಾಕ್ಕಿಂತ ಸರಿಯಾಗಿ 21 ದಿನ ಮುಂಚೆ, 1945ರ ಜುಲೈ 16ರ ಬೆಳಗಿನ ಜಾವ ಸುಮಾರು ಐದೂವರೆ ಗಂಟೆಗೆ, ಜಗತ್ತಿನ ಮೊದಲ ಅಣುಸ್ಫೋಟ ನಡೆಯಿತು. ನಡೆದದ್ದು ಶತ್ರುದೇಶದಲ್ಲಿ ಅಲ್ಲ, ಅಮೆರಿಕದ ನೆಲದಲ್ಲಿಯೇ, ನ್ಯೂ ಮೆಕ್ಸಿಕೋ ರಾಜ್ಯದ ಒಂದು ಒಣ ಬಯಲಿನಲ್ಲಿ. ಆ ಬಯಲಿಗೆ ಸ್ಪ್ಯಾನಿಷ್ ಭಾಷೆಯಲ್ಲಿ 'ಹೋರ್ನಾದಾ ದೆಲ್ ಮುಯೆರ್ತೊ' ಎಂದು ಹೆಸರು. ಸತ್ತವನ ಪಯಣ ಎಂದು ಅದರ ಅರ್ಥ. ಈ ಹೆಸರು ಬಾಂಬಿನಿಂದ ಬಂದದ್ದಲ್ಲ. ಮೆಕ್ಸಿಕೋ ನಗರದಿಂದ ಉತ್ತರದ ಸ್ಯಾಂಟಾ ಫೆ ಕಡೆಗೆ ಸಾಗುತ್ತಿದ್ದ ಸ್ಪ್ಯಾನಿಷರ ರಾಜಮಾರ್ಗವು ಇಲ್ಲಿ ಸುಮಾರು 90 ಮೈಲಿಗಳಷ್ಟು ದೂರ ನದಿಯನ್ನು ಬಿಟ್ಟು, ನೀರಿಲ್ಲದ ನೆಲವನ್ನು ದಾಟಬೇಕಾಗಿತ್ತು. ದಣಿದು ದಾಹದಿಂದ ಬಿದ್ದವರ ನೆನಪನ್ನು ಆ ಹೆಸರು ಉಳಿಸಿಕೊಂಡಿದೆ.

ಪರೀಕ್ಷೆಯ ಅಗತ್ಯವಾದರೂ ಏನಿತ್ತು ಎಂಬುದನ್ನು ಸ್ವಲ್ಪ ವಿವರಿಸಬೇಕು. ಲಾಸ್ ಅಲಾಮೋಸ್ ಎಂಬ ಬೆಟ್ಟದ ಮೇಲಿನ ರಹಸ್ಯ ಪ್ರಯೋಗಶಾಲೆಯಲ್ಲಿ ರಾಬರ್ಟ್ ಓಪನ್‌ಹೈಮರ್ ಅವರ ನೇತೃತ್ವದ ವಿಜ್ಞಾನಿಗಳು ಎರಡು ಬಗೆಯ ಬಾಂಬುಗಳನ್ನು ರೂಪಿಸುತ್ತಿದ್ದರು. ಒಂದು ಯುರೇನಿಯಮ್ ಬಾಂಬು. ಫಿರಂಗಿಯ ನಳಿಗೆಯಂತಹ ಕೊಳವೆಯೊಳಗೆ ಒಂದು ತುಂಡನ್ನು ಇನ್ನೊಂದಕ್ಕೆ ಹೊಡೆದು ಕೂಡಿಸುವುದು ಅದರ ವಿಧಾನ. ಅದು ಕೆಲಸ ಮಾಡುತ್ತದೆಂಬ ವಿಶ್ವಾಸ ಎಷ್ಟಿತ್ತೆಂದರೆ, ಅದನ್ನು ಪರೀಕ್ಷಿಸದೆಯೇ ಹಿರೋಷಿಮಾದ ಮೇಲೆ ಹಾಕಲಾಯಿತು. ಇನ್ನೊಂದು ಪ್ಲುಟೋನಿಯಮ್ ಬಾಂಬು. ರಿಯಾಕ್ಟರಿನಲ್ಲಿ ತಯಾರಾದ ಪ್ಲುಟೋನಿಯಮ್‌ನಲ್ಲಿ ತಾನಾಗಿಯೇ ಒಡೆಯುವ ಇನ್ನೊಂದು ಬಗೆಯ ಪರಮಾಣುಗಳು ಬೆರೆತಿದ್ದುದರಿಂದ ಫಿರಂಗಿಯ ವಿಧಾನ ಅದಕ್ಕೆ ಒಗ್ಗಲಿಲ್ಲ. ಎರಡು ತುಂಡುಗಳು ಪೂರ್ತಿ ಕೂಡುವ ಮೊದಲೇ ಕ್ರಿಯೆ ಆರಂಭವಾಗಿ ಬಾಂಬು ಹುಸಿಯಾಗುತ್ತಿತ್ತು. ಆದ್ದರಿಂದ ಪ್ಲುಟೋನಿಯಮ್ ಗೋಳದ ಸುತ್ತಲೂ ಸ್ಫೋಟಕಗಳನ್ನಿಟ್ಟು, ಎಲ್ಲ ದಿಕ್ಕುಗಳಿಂದಲೂ ಒಂದೇ ಕ್ಷಣದಲ್ಲಿ ಅದನ್ನು ಒಳಕ್ಕೆ ಅದುಮುವ ಹೊಸ ವಿಧಾನವನ್ನು ಕಂಡುಹಿಡಿದರು. ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಹೆಚ್ಚುಕಡಿಮೆಯಾದರೂ ಎಲ್ಲವೂ ವ್ಯರ್ಥ. ಹೀಗಾಗಿ ಪರೀಕ್ಷೆ ಅನಿವಾರ್ಯವಾಯಿತು.

ಸ್ಥಳಕ್ಕಾಗಿ ಎಂಟು ಜಾಗಗಳನ್ನು ಪರಿಶೀಲಿಸಿ ಕೊನೆಗೆ ಈ ಬಯಲನ್ನು ಆರಿಸಿದರು. ಲಾಸ್ ಅಲಾಮೋಸಿನಿಂದ ತೀರ ದೂರವಲ್ಲ, ನೆಲ ಸಮತಟ್ಟು, ಆಗಲೇ ಸೈನ್ಯದ ವಶದಲ್ಲಿದ್ದ ಪ್ರದೇಶ. ದನಕರುಗಳನ್ನು ಸಾಕಿಕೊಂಡಿದ್ದ ಕುಟುಂಬಗಳನ್ನು ಯುದ್ಧಕಾಲದ ಅಭ್ಯಾಸಕ್ಕೆಂದು 1942ರಲ್ಲಿ ಅಲ್ಲಿಂದ ತೆರವುಗೊಳಿಸಲಾಗಿತ್ತು. ಹಾಗೆ ಖಾಲಿಯಾದ ಒಂದು ಮನೆ, ಮೆಕ್‌ಡೊನಾಲ್ಡ್ ಕುಟುಂಬದ ಮನೆ, ಸ್ಫೋಟದ ಸ್ಥಳದಿಂದ ಎರಡು ಮೈಲಿ ದೂರದಲ್ಲಿ ಇಂದಿಗೂ ನಿಂತಿದೆ. ಅದರ ದೊಡ್ಡ ಕೊಠಡಿಯೊಂದನ್ನು ಧೂಳು ಬಾರದಂತೆ ಶುಚಿಗೊಳಿಸಿ, ಜುಲೈ 13ರಂದು ಬಾಂಬಿನ ಗರ್ಭವನ್ನು, ಎಂದರೆ ಸುಮಾರು 6 ಕಿಲೋಗ್ರಾಂ ಪ್ಲುಟೋನಿಯಮನ್ನು, ಅಲ್ಲಿ ಜೋಡಿಸಿದರು. ಮರುದಿನ ಬಾಂಬನ್ನು 100 ಅಡಿ ಎತ್ತರದ ಉಕ್ಕಿನ ಗೋಪುರದ ತುದಿಗೆ ಏರಿಸಿದರು. ಏರಿಸುವಾಗ ಕೈತಪ್ಪಿ ಬಿದ್ದರೆ ಇರಲಿ ಎಂದು ಕೆಳಗೆ ಹಾಸಿಗೆಗಳನ್ನು ಒಟ್ಟಿದ್ದರಂತೆ! ಜಗತ್ತಿನ ಅತ್ಯಂತ ಭಯಂಕರ ಆಯುಧಕ್ಕೆ ಮಲಗುವ ಹಾಸಿಗೆಯೇ ರಕ್ಷಣೆ.

ಜುಲೈ 15ರ ರಾತ್ರಿ ಗುಡುಗು ಮಿಂಚುಗಳೊಡನೆ ಮಳೆ ಹೊಯ್ಯಿತು. ಗೋಪುರದ ಮೇಲೆ ಬಾಂಬಿನ ಪಕ್ಕದಲ್ಲಿ ಡೊನಾಲ್ಡ್ ಹಾರ್ನಿಗ್ ಎಂಬ ತರುಣ ವಿಜ್ಞಾನಿ ಒಬ್ಬನೇ ಕಾವಲು ಕುಳಿತು ಪುಸ್ತಕ ಓದುತ್ತಿದ್ದನು. ನಾಲ್ಕು ಗಂಟೆಗೆಂದು ನಿಗದಿಯಾಗಿದ್ದ ಪರೀಕ್ಷೆಯನ್ನು ಮಳೆಯ ಕಾರಣದಿಂದ ಐದೂವರೆಗೆ ಮುಂದೂಡಲಾಯಿತು. ಈ ಮಳೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇದರ ಮಾತು ಬರುತ್ತದೆ.

ಸ್ಫೋಟದ ವರ್ಣನೆಯನ್ನು ನೀವು ಅನೇಕ ಕಡೆ ಓದಿದ್ದೀರಿ, ಚಲನಚಿತ್ರದಲ್ಲಿಯೂ ನೋಡಿದ್ದೀರಿ. ಬೆಳಕು ಮೂರು ರಾಜ್ಯಗಳಲ್ಲಿ ಕಂಡಿತು. 120 ಮೈಲಿ ದೂರದಲ್ಲಿ ಕಿಟಕಿಯ ಗಾಜು ಒಡೆಯಿತು. ಹತ್ತು ಮೈಲಿ ದೂರದ ಶಿಬಿರದಲ್ಲಿ ನಿಂತಿದ್ದ ಎನ್ರಿಕೊ ಫರ್ಮಿ, ಬೆಳಕು ಕಂಡ ಸುಮಾರು 40 ಸೆಕೆಂಡುಗಳ ನಂತರ ಗಾಳಿಯ ಹೊಡೆತ ಬಂದಾಗ ಕೈಯಲ್ಲಿದ್ದ ಕಾಗದದ ಚೂರುಗಳನ್ನು ಕೆಳಕ್ಕೆ ಬಿಟ್ಟರು. ಅವು ಸುಮಾರು ಎರಡೂವರೆ ಮೀಟರ್ ಸರಿದು ಬಿದ್ದುದನ್ನು ಅಳೆದು, ಸ್ಫೋಟವು ಹತ್ತು ಸಾವಿರ ಟನ್ ಟಿಎನ್‌ಟಿಗೆ ಸಮವೆಂದು ಅಂದಾಜು ಹೇಳಿದರು. 2021ರಲ್ಲಿ ಲಾಸ್ ಅಲಾಮೋಸಿನವರು ಮರುಲೆಕ್ಕ ಮಾಡಿ ಕೊಟ್ಟ ಸಂಖ್ಯೆ 24,800 ಟನ್. ಕಾಗದದ ಚೂರುಗಳಿಂದ ಕ್ಷಣಾರ್ಧದಲ್ಲಿ ಅಷ್ಟು ಹತ್ತಿರಕ್ಕೆ ಬಂದ ಬುದ್ಧಿಶಕ್ತಿಗೆ ತಲೆಬಾಗಲೇಬೇಕು. ಉಕ್ಕಿನ ಗೋಪುರ ಆವಿಯಾಗಿ ಹೋಯಿತು. ಕೆಳಗಿನ ಮರಳು ಕರಗಿ ತೆಳುಹಸಿರು ಬಣ್ಣದ ಗಾಜಾಯಿತು. ಅದಕ್ಕೆ 'ಟ್ರಿನಿಟೈಟ್' ಎಂದು ಹೆಸರಿಟ್ಟರು. ಪರೀಕ್ಷೆಗೆ 'ಟ್ರಿನಿಟಿ' ಎಂಬ ಗುಪ್ತನಾಮವಿತ್ತು. ಕ್ರೈಸ್ತರ ತ್ರಯೈಕ್ಯವನ್ನು ಸೂಚಿಸುವ ಈ ಪದವನ್ನು ಓಪನ್‌ಹೈಮರ್ ಅವರು ಇಂಗ್ಲಿಷ್ ಕವಿ ಜಾನ್ ಡನ್ನನ ಕಾವ್ಯದ ನೆನಪಿನಿಂದ ಆರಿಸಿದ್ದರಂತೆ.

ಇದೇ ಓಪನ್‌ಹೈಮರ್ ಬರ್ಕ್ಲಿಯಲ್ಲಿ ಆರ್ಥರ್ ರೈಡರ್ ಎಂಬ ವಿದ್ವಾಂಸರಿಂದ ಸಂಸ್ಕೃತ ಕಲಿತಿದ್ದರೆಂಬುದೂ, ಸ್ಫೋಟದ ಕ್ಷಣದಲ್ಲಿ ಭಗವದ್ಗೀತೆಯ ಹನ್ನೊಂದನೆಯ ಅಧ್ಯಾಯ ನೆನಪಾಯಿತೆಂದು ಮುಂದೆ ಹೇಳಿಕೊಂಡರೆಂಬುದೂ ನಮ್ಮವರಿಗೆ ಪ್ರಿಯವಾದ ವಿಷಯ. ಆ ಮಾತನ್ನು ಅವರು ದೂರದರ್ಶನದ ಕ್ಯಾಮೆರಾ ಮುಂದೆ ಹೇಳಿದ್ದು 1965ರಲ್ಲಿ, ಘಟನೆಯ ಇಪ್ಪತ್ತು ವರ್ಷಗಳ ನಂತರ. ಗೀತೆಯ ಮೂಲದಲ್ಲಿರುವ ಪದ 'ಕಾಲ'. ಅವರು ಇಂಗ್ಲಿಷಿನಲ್ಲಿ ಅದನ್ನು 'ಮೃತ್ಯು' ಎಂದರು. ಕಾಲ ಎಂಬ ಪದಕ್ಕೆ ನಮ್ಮಲ್ಲಿ ಎರಡೂ ಅರ್ಥಗಳುಂಟು. ಆದರೆ ನನಗನ್ನಿಸುವಂತೆ, ಆ ಬಯಲಿನ ಮಟ್ಟಿಗೆ 'ಸಮಯ' ಎಂಬ ಅರ್ಥವೇ ಹೆಚ್ಚು ಸರಿ. ಅಲ್ಲಿಯ ಕೇಡು ಒಂದು ಕ್ಷಣದಲ್ಲಿ ಮುಗಿಯಲಿಲ್ಲ. ಅದು ವರ್ಷ ವರ್ಷಗಳ ಕಾಲ ನಿಧಾನವಾಗಿ ಬಂದಿತು.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಸ್ಫೋಟದ ಮರುಕ್ಷಣದಿಂದಲೇ ಅದನ್ನು ಮರೆಮಾಚುವ ಕೆಲಸ ಆರಂಭವಾಯಿತು. ಅಲಾಮೊಗೋರ್ಡೊ ವಾಯುನೆಲೆಯಿಂದ ಪತ್ರಿಕೆಗಳಿಗೆ ಒಂದು ಹೇಳಿಕೆ ಹೋಯಿತು. ದೂರದ ಮದ್ದುಗುಂಡಿನ ಉಗ್ರಾಣವೊಂದು ಸಿಡಿದಿದೆ, ಯಾರಿಗೂ ಪ್ರಾಣಹಾನಿಯಾಗಲಿ ಗಾಯವಾಗಲಿ ಆಗಿಲ್ಲ ಎಂಬುದು ಅದರ ಸಾರಾಂಶ. ಆಗಸ್ಟ್ 6ರ ಸುದ್ದಿ ಬಂದ ಮೇಲೆಯೇ ಸುತ್ತಣ ಊರಿನವರಿಗೆ ತಮ್ಮ ಆಕಾಶದಲ್ಲಿ ಕಂಡ ಬೆಳಕು ಏನೆಂದು ತಿಳಿದದ್ದು. ಸೆಪ್ಟೆಂಬರಿನಲ್ಲಿ ಜನರಲ್ ಲೆಸ್ಲಿ ಗ್ರೋವ್ಸ್ ಮತ್ತು ಓಪನ್‌ಹೈಮರ್ ಪತ್ರಕರ್ತರನ್ನು ಅಲ್ಲಿಗೆ ಕರೆದೊಯ್ದರು. ಗೋಪುರದ ಅಡಿಪಾಯದ ಮುರುಕಿನ ಬಳಿ ಇಬ್ಬರೂ ಕಾಲಿಗೆ ಬಿಳಿಯ ಹೊದಿಕೆ ಹಾಕಿಕೊಂಡು ನಿಂತಿರುವ ಛಾಯಾಚಿತ್ರ ಪ್ರಸಿದ್ಧವಾದುದು. ಬಾಂಬಿನ ನಂತರವೂ ನೆಲದಲ್ಲಿ ವಿಕಿರಣ ಉಳಿದು ಜನರನ್ನು ಕೊಲ್ಲುತ್ತಿದೆಯೆಂಬ ಜಪಾನಿನ ವರದಿಗಳನ್ನು ಅಲ್ಲಗಳೆಯುವುದೇ ಆ ಭೇಟಿಯ ಉದ್ದೇಶವಾಗಿತ್ತು. ನೆಲ ಅಪಾಯಕರವಲ್ಲವೆಂದು ತೋರಿಸಲು ಹೋದವರು ಪಾದಕ್ಕೆ ಹೊದಿಕೆ ಧರಿಸಿದ್ದರೆಂಬುದನ್ನು ಚಿತ್ರವೇ ಹೇಳುತ್ತದೆ.

1953ರಲ್ಲಿ ಮೊದಲ ಬಾರಿಗೆ ಸಾರ್ವಜನಿಕರಿಗೆ ಅಲ್ಲಿ ಪ್ರವೇಶ ಕೊಟ್ಟರು. ಹಸಿರು ಗಾಜಿನ ಬಹುಭಾಗವನ್ನು ಯಂತ್ರಗಳಿಂದ ಕೆರೆದು ಹೂಳಿದರು. 1965ರಲ್ಲಿ ವೈಟ್ ಸ್ಯಾಂಡ್ಸ್ ಕ್ಷಿಪಣಿ ಪ್ರದೇಶದ ಸೇನಾಧಿಕಾರಿಗಳು ಗೋಪುರವಿದ್ದ ಜಾಗದಲ್ಲಿ ಲಾವಾ ಶಿಲೆಯ ಸ್ಮಾರಕವೊಂದನ್ನು ನಿಲ್ಲಿಸಿದರು. ಅದೇ ವರ್ಷ ಆ ಸ್ಥಳವನ್ನು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಸಾರಲಾಯಿತು. ಅದನ್ನು ಸೂಚಿಸುವ ಎರಡನೆಯ ಫಲಕ 1975ರಲ್ಲಿ ಸೇರಿತು.

ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ, ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದನು. ಅದು ಇಂದಿಗೂ ಕ್ಷಿಪಣಿಗಳನ್ನು ಪರೀಕ್ಷಿಸುವ ಸೈನ್ಯದ ಪ್ರದೇಶ. ವರ್ಷಕ್ಕೆ ಒಂದೋ ಎರಡೋ ಶನಿವಾರ ಮಾತ್ರ ಜನರನ್ನು ಬಿಡುತ್ತಾರೆ. ಉತ್ತರದ ಸ್ಟ್ಯಾಲಿಯನ್ ದ್ವಾರದಲ್ಲಿ ವಾಹನಗಳ ಸಾಲು ಉದ್ದವಾಗಿತ್ತು. ದ್ವಾರದಿಂದ ಒಳಗೆ 17 ಮೈಲಿ ಹೋಗಬೇಕು. ದಾರಿಯುದ್ದಕ್ಕೂ ಗಿಡ್ಡನೆಯ ಪೊದೆ, ಒಣಹುಲ್ಲು, ದೂರದಲ್ಲಿ ನೀಲಿ ಬೆಟ್ಟಗಳು. ನಮ್ಮ ಚಿತ್ರದುರ್ಗ, ಚಳ್ಳಕೆರೆಯ ಕಡೆಯ ಬಯಲನ್ನು ನೋಡಿದವರಿಗೆ ತೀರ ಅಪರಿಚಿತವೆನಿಸದು, ಆದರೆ ಅದರ ವಿಸ್ತಾರ ಬೇರೆಯೇ.

ವಾಹನ ನಿಲ್ಲಿಸುವಲ್ಲಿ ದೈತ್ಯಾಕಾರದ ಉಕ್ಕಿನ ಕೊಳಾಯಿಯಂತಹ ವಸ್ತುವೊಂದು ಬಿದ್ದಿದೆ. ಅದಕ್ಕೆ 'ಜಂಬೊ' ಎಂದು ಹೆಸರು. ಪರೀಕ್ಷೆ ವಿಫಲವಾದರೆ ಅಮೂಲ್ಯವಾದ ಪ್ಲುಟೋನಿಯಮ್ ಚದುರಿಹೋಗದಿರಲೆಂದು, ಬಾಂಬನ್ನು ಅದರೊಳಗಿಟ್ಟು ಸಿಡಿಸುವ ಯೋಚನೆ ಮೊದಲಿತ್ತು. 214 ಟನ್ ತೂಕದ ಆ ಪಾತ್ರೆಯನ್ನು ಓಹಿಯೋ ರಾಜ್ಯದಲ್ಲಿ ತಯಾರಿಸಿ ತಂದರು. ಕೊನೆಗೆ ಬಳಸಲಿಲ್ಲ. ಪ್ಲುಟೋನಿಯಮ್ ಚದುರೀತೆಂದು ಚಿಂತಿಸಿ, ಅದನ್ನು ಹಿಡಿದಿಡಲು 214 ಟನ್ ಉಕ್ಕಿನ ಪಾತ್ರೆಯನ್ನು ಮಾಡಿಸಿದರು ಎಂಬುದನ್ನು ಗಮನಿಸಿ. ಚಿಂತೆ ಇದ್ದುದು ಲೋಹದ ಬೆಲೆಯನ್ನು ಕುರಿತು.

ಅಲ್ಲಿಂದ ಕಾಲು ಮೈಲಿ ನಡೆದರೆ ತಂತಿಬೇಲಿಯ ಆವರಣ. ಮಧ್ಯದಲ್ಲಿ ಸ್ಮಾರಕ. ಹನ್ನೆರಡು ಅಡಿ ಎತ್ತರ, ಮೇಲಕ್ಕೆ ಹೋದಂತೆ ಕಿರಿದಾಗುವ ಆಕಾರ, ಒರಟು ಕಪ್ಪು ಕಲ್ಲುಗಳನ್ನು ಗಾರೆಯಿಂದ ಕೂಡಿಸಿ ಕಟ್ಟಿದ್ದು. ದೊಡ್ಡ ಶಿಲ್ಪವೇನಲ್ಲ, ಆಡಂಬರವಿಲ್ಲ. ಪಕ್ಕದಲ್ಲಿ ನೆಲದಿಂದ ತುಸುವೇ ಮೇಲೆದ್ದಿರುವ ಗೋಪುರದ ಒಂದು ಪಾದದ ಅವಶೇಷ. ಬೇಲಿಗೆ ಹಳೆಯ ಛಾಯಾಚಿತ್ರಗಳನ್ನು ತೂಗುಹಾಕಿದ್ದಾರೆ. ನೆಲದ ಮೇಲಿನ ಗಾಜಿನ ಚೂರುಗಳನ್ನು ಎತ್ತಿಕೊಳ್ಳಬಾರದೆಂಬ ಎಚ್ಚರಿಕೆಯ ಫಲಕವುಂಟು. ವಿಕಿರಣ ಈಗಲೂ ಸಾಮಾನ್ಯ ನೆಲಕ್ಕಿಂತ ಸುಮಾರು ಹತ್ತರಷ್ಟಿದ್ದರೂ, ಒಂದು ಗಂಟೆಯ ಭೇಟಿಯಿಂದ ಅಪಾಯವಿಲ್ಲವೆನ್ನುತ್ತಾರೆ. ಜನರು ಸ್ಮಾರಕದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲು ಸರತಿಯಲ್ಲಿ ಕಾಯುತ್ತಿದ್ದರು. ಕೆಲವರು ನಗುತ್ತಿದ್ದರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರಿದ್ದರು. ಕಲ್ಲನ್ನು ಅಂಗೈಯಿಂದ ಮುಟ್ಟಿ ಸುಮ್ಮನೆ ನಿಂತ ವೃದ್ಧರೊಬ್ಬರೂ ಇದ್ದರು.

ಫಲಕದ ಮೇಲಿನ ಬರಹವನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಟ್ರಿನಿಟಿ ಸ್ಥಳ, 1945ರ ಜುಲೈ 16ರಂದು ಜಗತ್ತಿನ ಮೊದಲ ಪರಮಾಣು ಸಾಧನವು ಸಿಡಿಸಲ್ಪಟ್ಟ ಜಾಗ. ಅದರ ಕೆಳಗೆ, 1965ರಲ್ಲಿ ನಿಲ್ಲಿಸಿದ್ದು ಎಂಬ ಮಾತು, ವೈಟ್ ಸ್ಯಾಂಡ್ಸ್ ಕ್ಷಿಪಣಿ ಪ್ರದೇಶದ ಹೆಸರು, ಅಂದಿನ ಮುಖ್ಯಾಧಿಕಾರಿ ಮೇಜರ್ ಜನರಲ್ ಜೆ. ಫ್ರೆಡರಿಕ್ ಥೋರ್ಲಿನ್ ಅವರ ಹೆಸರು.

"ಸಾರ್, ಇಷ್ಟೇನಾ?" ಎಂದನು ನನ್ನ ವಿದ್ಯಾರ್ಥಿ.

"ಇಷ್ಟೇ ಕಣಪ್ಪ. ಇದರಲ್ಲಿ ಕರ್ತೃಪದ ಎಲ್ಲಿದೆ, ಹುಡುಕು" ಎಂದೆ.

ಅವನು ನಕ್ಕನು. ನನ್ನ ವ್ಯಾಕರಣದ ಹುಚ್ಚು ಅವನಿಗೆ ಗೊತ್ತಿದ್ದದ್ದೇ. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗಗಳನ್ನು ನಿಮಗೆಲ್ಲ ಕಲಿಸಿದ್ದೇನೆ. ರಾಮನು ರಾವಣನನ್ನು ಕೊಂದನು. ರಾವಣನು ರಾಮನಿಂದ ಕೊಲ್ಲಲ್ಪಟ್ಟನು. ಎರಡನೆಯ ವಾಕ್ಯದಿಂದ 'ರಾಮನಿಂದ' ಎಂಬ ಪದವನ್ನು ತೆಗೆದರೂ ವಾಕ್ಯ ವ್ಯಾಕರಣಬದ್ಧವಾಗಿಯೇ ಉಳಿಯುತ್ತದೆ. ಕೆಲಸ ನಡೆಯಿತು, ಮಾಡಿದವರು ಯಾರೆಂಬುದು ಕಾಣದು. ಕಲ್ಲು ನಿಲ್ಲಿಸಿದವರ ಹೆಸರು ಅಲ್ಲಿದೆ, ಸಿಡಿಸಿದವರ ಹೆಸರಿಲ್ಲ. 'ಬಾಂಬು' ಎಂಬ ಪದವೂ ಇಲ್ಲ, 'ಸಾಧನ' ಎಂದಿದೆ. ಅದು ಯಾರ ಮೇಲೆ ಪರಿಣಾಮ ಬೀರಿತೆಂಬುದಂತೂ ಇಲ್ಲವೇ ಇಲ್ಲ. ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ನೆನೆಯಿರಿ. ತುರುಗಳನ್ನು ಬಿಡಿಸಲು ಹೋಗಿ ಸತ್ತವನು ಯಾರು, ಯಾವ ಊರಿನವನು, ಯಾರಿಗಾಗಿ ಹೋರಾಡಿದನು ಎಂಬುದನ್ನು ಎಷ್ಟೋ ಕಲ್ಲುಗಳು ಹೆಸರು ಹಿಡಿದು ಹೇಳುತ್ತವೆ. ಶಾಸನ ಪಾಠದಲ್ಲಿ ನಾನು ನಿಮಗೆ ಹೇಳುತ್ತಿದ್ದ ಮೂರು ಪ್ರಶ್ನೆಗಳೇ ಇಲ್ಲಿಯೂ ಸಲ್ಲುತ್ತವೆ: ಹಾಕಿಸಿದವರು ಯಾರು? ಯಾವಾಗ ಹಾಕಿಸಿದರು? ಬರೆಯದೆ ಬಿಟ್ಟದ್ದು ಏನು?

ಬರೆಯದೆ ಬಿಟ್ಟದ್ದನ್ನು ತಿಳಿಯಲು ಬೇಲಿಯಿಂದ ಹೊರಗೆ ಬರಬೇಕು.

ಆ ಬಯಲು ನಿರ್ಜನವೆಂಬುದು ನಕ್ಷೆಯ ಮಾತು. ಸುತ್ತಲೂ ಟುಲರೋಸಾ, ಕ್ಯಾರಿಜೋಜೊ, ಸೊಕೊರೊ, ಸ್ಯಾನ್ ಆಂಟೋನಿಯೊ ಮುಂತಾದ ಊರುಗಳಿದ್ದವು. ದನ ಸಾಕುವವರ ಒಂಟಿಮನೆಗಳಿದ್ದವು. ಸ್ಪ್ಯಾನಿಷ್ ಮೂಲದ ರೈತ ಕುಟುಂಬಗಳೂ ಮೆಸ್ಕಲೇರೊ ಅಪಾಚಿ ಬುಡಕಟ್ಟಿನವರೂ ತಲೆಮಾರುಗಳಿಂದ ಅಲ್ಲಿ ಬಾಳುತ್ತಿದ್ದರು. ಇವರ ಜೀವನಕ್ರಮವನ್ನು ನೀವು ಅರ್ಥಮಾಡಿಕೊಳ್ಳಬೇಕು. ನೀರಿಲ್ಲದ ಸೀಮೆಯಾದ್ದರಿಂದ ಅನೇಕ ಮನೆಗಳವರು ಮಾಡಿನ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಗಳಲ್ಲಿ ಸಂಗ್ರಹಿಸಿ ಕುಡಿಯುತ್ತಿದ್ದರು. ಮನೆಯ ಹಸುವಿನ ಹಾಲು, ಹಿತ್ತಲಿನ ತರಕಾರಿ, ತಾವೇ ಸಾಕಿದ ಪ್ರಾಣಿಗಳ ಮಾಂಸ, ಇವೇ ಅವರ ಆಹಾರ. ಬಟ್ಟೆ ಹೊರಗಿನ ಹಗ್ಗದ ಮೇಲೆ ಒಣಗುತ್ತಿತ್ತು. ಬೂದಿಯಂತಹ ಧೂಳು ಆಕಾಶದಿಂದ ಇಳಿದಾಗ ಮಾಡಿನ ಮೇಲೆ, ತೊಟ್ಟಿಯಲ್ಲಿ, ಹುಲ್ಲಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಬಿದ್ದಿತು. ಮಳೆಗಾಲದ ತಿಂಗಳು ಅದು. ಮಾಡಿನ ಮೇಲಿದ್ದುದು ಮಳೆಯೊಡನೆ ತೊಟ್ಟಿಗೆ ಇಳಿಯಿತು. ಅದೇ ನೀರನ್ನು ಕುಡಿದರು. ಬಳಕೆಯಾದ ಪ್ಲುಟೋನಿಯಮ್‌ನ ಬಹುಪಾಲು ವಿದಳನಗೊಳ್ಳದೆ ಚದುರಿಹೋಗಿತ್ತೆಂಬುದನ್ನೂ ಇಲ್ಲಿ ಹೇಳಬೇಕು.

ಸ್ಫೋಟದ ಮೊದಲು ಅವರಿಗೆ ಯಾರೂ ತಿಳಿಸಲಿಲ್ಲ. ನಂತರವೂ ಎಚ್ಚರಿಸಲಿಲ್ಲ. ಅಗತ್ಯಬಿದ್ದರೆ ಜನರನ್ನು ಸಾಗಿಸಲೆಂದು ಸೈನಿಕರ ಒಂದು ತುಕಡಿಯನ್ನು ವಾಹನಗಳೊಡನೆ ಸಜ್ಜಾಗಿ ಇರಿಸಲಾಗಿತ್ತು. ಆದರೆ ಯಾರನ್ನೂ ಸ್ಥಳಾಂತರಿಸಲಿಲ್ಲ. ಸ್ಥಳಾಂತರಿಸಿದರೆ ರಹಸ್ಯ ಬಯಲಾಗುತ್ತಿತ್ತು. ಮರುದಿನ ವಿಕಿರಣ ಅಳೆಯುತ್ತ ಹೋದ ತಂಡಕ್ಕೆ ಸುಮಾರು 20 ಮೈಲಿ ದೂರದ ಕಣಿವೆಯೊಂದರಲ್ಲಿ, ತಮ್ಮ ಪಟ್ಟಿಯಲ್ಲಿಯೇ ಇಲ್ಲದ ಮನೆಯೊಂದು ಸಿಕ್ಕಿತು. ಅಲ್ಲಿ ವೃದ್ಧ ದಂಪತಿಗಳೂ ಒಬ್ಬ ಮೊಮ್ಮಗನೂ ವಾಸವಾಗಿದ್ದರು. ಆ ಕಣಿವೆಯಲ್ಲಿ ವಿಕಿರಣದ ಪ್ರಮಾಣ ತೀರ ಹೆಚ್ಚಾಗಿತ್ತು.

ಅಧಿಕಾರಿಗಳಿಗೆ ಗೊತ್ತಿರಲಿಲ್ಲವೆನ್ನುವಂತಿಲ್ಲ. ಯೋಜನೆಯ ವೈದ್ಯಕೀಯ ಮುಖ್ಯಸ್ಥರಾದ ಸ್ಟಾಫರ್ಡ್ ವಾರನ್ ಅವರು ಐದೇ ದಿನಗಳಲ್ಲಿ, ಜುಲೈ 21ರಂದು, ಜನರಲ್ ಗ್ರೋವ್ಸ್ ಅವರಿಗೆ ವರದಿ ಸಲ್ಲಿಸಿದರು. ಇಂತಹ ಪರೀಕ್ಷೆಗೆ ಈ ಸ್ಥಳ ತೀರ ಚಿಕ್ಕದೆಂದೂ, ಮುಂದೆ ನಡೆಸುವುದಾದರೆ ಸುತ್ತ 150 ಮೈಲಿ ಜನವಸತಿ ಇಲ್ಲದ ಜಾಗವನ್ನು ಆರಿಸಬೇಕೆಂದೂ ಅವರು ಸೂಚಿಸಿದ್ದರು. ಆ ಬಯಲಿನಲ್ಲಿ ಮತ್ತೆ ಅಣುಪರೀಕ್ಷೆ ನಡೆಯಲೂ ಇಲ್ಲ. ಮುಂದಿನ ಪರೀಕ್ಷೆಗೆ ಜಾಗ ಬದಲಾಯಿತು. ಈಗಾಗಲೇ ಬೂದಿ ಬಿದ್ದವರಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಮನುಷ್ಯರು ಮಾತನಾಡುವ ಮೊದಲು ಸಾಕ್ಷಿ ಹೇಳಿದ್ದು ದನಗಳು. ಉತ್ತರದ ಪ್ರಸ್ಥಭೂಮಿಯಲ್ಲಿ ಮೇಯುತ್ತಿದ್ದ ದನಗಳ ಬೆನ್ನಿನ ರೋಮ ಉದುರಿ, ಮತ್ತೆ ಬೆಳೆದಾಗ ಬೆಳ್ಳಗಾಗಿತ್ತು. ಸೈನ್ಯವು ಅವುಗಳಲ್ಲಿ ಕೆಲವನ್ನು ಕೊಂಡು ಅಧ್ಯಯನಕ್ಕೆಂದು ಕೊಂಡೊಯ್ದಿತು. ಇನ್ನೊಂದು ಸಾಕ್ಷಿ ಸಾವಿರ ಮೈಲಿಗೂ ಹೆಚ್ಚು ದೂರದ ಇಂಡಿಯಾನಾ ರಾಜ್ಯದಿಂದ ಬಂದಿತು. ಕೊಡಾಕ್ ಕಂಪನಿಯ ಎಕ್ಸ್-ರೇ ಫಿಲ್ಮುಗಳ ಮೇಲೆ ಕಾರಣವಿಲ್ಲದೆ ಕಲೆಗಳು ಕಾಣಿಸಿಕೊಂಡವು. ಕಂಪನಿಯ ವಿಜ್ಞಾನಿ ಜೂಲಿಯನ್ ವೆಬ್ ಅವರು ಹುಡುಕಿದಾಗ, ಫಿಲ್ಮಿನ ಪೆಟ್ಟಿಗೆಗೆ ಬಳಸಿದ ರಟ್ಟಿನಲ್ಲಿ ವಿಕಿರಣವಸ್ತು ಇರುವುದು ತಿಳಿಯಿತು. ರಟ್ಟು ತಯಾರಿಸಿದ ಕಾರ್ಖಾನೆ ಬಳಸಿದ್ದು ನದಿಯ ನೀರು. ಆ ನೀರಿಗೆ ಅದು ಟ್ರಿನಿಟಿಯಿಂದ ಗಾಳಿಯಲ್ಲಿ ತೇಲಿ ಬಂದಿತ್ತು. 2023ರಲ್ಲಿ ಸೆಬಾಸ್ಟಿಯನ್ ಫಿಲಿಪ್ ಮತ್ತು ಸಂಗಡಿಗರು ಹಳೆಯ ಹವಾಮಾನದ ಮಾಹಿತಿಯನ್ನು ಬಳಸಿ ಲೆಕ್ಕಹಾಕಿ, ಸ್ಫೋಟದ ಧೂಳು ಹತ್ತು ದಿನಗಳೊಳಗೆ ಅಮೆರಿಕದ 46 ರಾಜ್ಯಗಳನ್ನೂ ಕೆನಡಾ, ಮೆಕ್ಸಿಕೋಗಳನ್ನೂ ಮುಟ್ಟಿತ್ತೆಂದು ತೋರಿಸಿದ್ದಾರೆ.

ಆ ಊರುಗಳ ಮನೆಮನೆಗಳಲ್ಲಿ ಕ್ಯಾನ್ಸರಿನ ಕಥೆಗಳಿವೆ. 2005ರಲ್ಲಿ ಟೀನಾ ಕೊರ್ಡೋವಾ ಮತ್ತು ಫ್ರೆಡ್ ಟೈಲರ್ ಎಂಬ ಸ್ಥಳೀಯರು ಸಂಘಟನೆಯೊಂದನ್ನು ಕಟ್ಟಿ ಈ ಕಥೆಗಳನ್ನು ಸಂಗ್ರಹಿಸತೊಡಗಿದರು. ಕೊರ್ಡೋವಾ ಅವರು ಸ್ವತಃ ಥೈರಾಯ್ಡ್ ಕ್ಯಾನ್ಸರಿನಿಂದ ಪಾರಾದವರು. ಚರಿತ್ರೆಯ ಅಧ್ಯಾಪಕನಾಗಿ ನಾನು ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಂತಹ ಒಬ್ಬ ರೋಗಿಯ ಕ್ಯಾನ್ಸರಿಗೆ ಆ ಒಂದು ಬೆಳಗಿನ ಧೂಳೇ ಕಾರಣವೆಂದು ಸಾಧಿಸುವುದು ವಿಜ್ಞಾನಕ್ಕೆ ಸಾಧ್ಯವಿಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಅಧ್ಯಯನವು, ಟ್ರಿನಿಟಿಯಿಂದಾಗಿ ನ್ಯೂ ಮೆಕ್ಸಿಕೋದಲ್ಲಿ ಕೆಲವು ನೂರು ಹೆಚ್ಚುವರಿ ಕ್ಯಾನ್ಸರುಗಳು ಬಂದಿರಬಹುದೆಂದು ಅಂದಾಜಿಸಿ, ಅನಿಶ್ಚಿತತೆ ಬಹಳವಿದೆಯೆಂದೂ ಹೇಳಿತು. ಸಂತ್ರಸ್ತರು ಆ ಸಂಖ್ಯೆಯನ್ನು ಒಪ್ಪುವುದಿಲ್ಲ. ಆದರೆ ಅನಿಶ್ಚಿತತೆ ಏಕೆ ಉಳಿಯಿತು? ಜನರಿಗೆ ತಿಳಿಸಿ, ಅವರ ನೀರನ್ನೂ ಹಾಲನ್ನೂ ಅಂದೇ ಅಳೆದಿದ್ದರೆ ಇಂದು ಲೆಕ್ಕ ಸಿಗುತ್ತಿತ್ತು. ಅಳೆಯದೆ ಬಿಟ್ಟವರೇ ಮುಂದೆ ಪುರಾವೆ ಎಲ್ಲಿ ಎಂದು ಕೇಳುವಂತಾಯಿತು. ನನ್ನ ಮಟ್ಟಿಗೆ ಈ ಕಥೆಯ ಅತಿ ದೊಡ್ಡ ಅನ್ಯಾಯ ಇದೇ.

ಕಾನೂನಿನ ಕಥೆಯೂ ಹೀಗೆಯೇ. 1990ರಲ್ಲಿ ಅಮೆರಿಕವು ವಿಕಿರಣಕ್ಕೆ ಒಳಗಾದವರಿಗೆ ಪರಿಹಾರ ನೀಡುವ ಕಾಯಿದೆಯನ್ನು ಮಾಡಿತು. ನೆವಾಡಾದಲ್ಲಿ ಮುಂದೆ ನಡೆದ ಪರೀಕ್ಷೆಗಳಿಂದ ಬಾಧಿತರಾದ ನೆವಾಡಾ, ಯೂಟಾ, ಅರಿಜೋನಾದ ಕೆಲವು ಭಾಗಗಳ ಜನರು ಅದರಲ್ಲಿ ಸೇರಿದರು. ಮೊಟ್ಟಮೊದಲ ಬಾಂಬಿನ ನೆರೆಹೊರೆಯವರು ಸೇರಲಿಲ್ಲ. ಅವರನ್ನು ಸೇರಿಸುವ ಪ್ರಯತ್ನಗಳು ವರ್ಷಾನುಗಟ್ಟಲೆ ನಡೆದವು. ಸೆನೆಟ್ ಒಪ್ಪಿದರೂ ಕೆಳಮನೆಯಲ್ಲಿ ನಿಂತುಹೋದುದುಂಟು. 2023ರಲ್ಲಿ ಓಪನ್‌ಹೈಮರ್ ಅವರನ್ನು ಕುರಿತ ಚಲನಚಿತ್ರ ಲೋಕವಿಖ್ಯಾತವಾದಾಗ, ಅದರಲ್ಲಿ ತಮ್ಮ ಸುಳಿವೇ ಇಲ್ಲವೆಂದು ಆ ಊರಿನವರು ನೊಂದು ಹೇಳಿದರು. 2024ರ ಜೂನ್‌ನಲ್ಲಿ ಕಾಯಿದೆಯ ಅವಧಿಯೇ ಮುಗಿದುಹೋಯಿತು. ಕೊನೆಗೆ 2025ರ ಜುಲೈ 4ರಂದು ಸಹಿಯಾದ ಶಾಸನದಲ್ಲಿ ಅದು ಪುನರುಜ್ಜೀವಗೊಂಡು, ನ್ಯೂ ಮೆಕ್ಸಿಕೋದ ಜನರೂ ಸೇರಿದರು. ನಿಗದಿತ ಕಾಯಿಲೆಗಳಿಗೆ ತುತ್ತಾದವರಿಗೆ ಒಂದು ಲಕ್ಷ ಡಾಲರ್. ಸ್ಫೋಟಕ್ಕೆ ಎಂಬತ್ತು ವರ್ಷ ತುಂಬಲು ಆಗ ಹನ್ನೆರಡು ದಿನ ಉಳಿದಿತ್ತು. ಅಷ್ಟರಲ್ಲಿ ಎಷ್ಟು ಜನ ತೀರಿಕೊಂಡಿದ್ದರೆಂಬುದನ್ನು ನೀವೇ ಊಹಿಸಿಕೊಳ್ಳಿ.

ಇದನ್ನೆಲ್ಲ ಬರೆಯುವಾಗ ಇನ್ನೊಂದು ಪಕ್ಷವನ್ನೂ ಮರೆಯಬಾರದು. ಆ ವಿಜ್ಞಾನಿಗಳು ರಾಕ್ಷಸರಲ್ಲ. ಹಿಟ್ಲರನಿಂದ ತಪ್ಪಿಸಿಕೊಂಡು ಯುರೋಪಿನಿಂದ ಬಂದವರು ಅವರಲ್ಲಿ ಅನೇಕರು. ಜರ್ಮನಿ ಮೊದಲು ಬಾಂಬು ಮಾಡಿಬಿಟ್ಟರೆ ಎಂಬ ಭಯ ನಿಜವಾದುದಾಗಿತ್ತು. ಪೆಸಿಫಿಕ್ ಯುದ್ಧದಲ್ಲಿದ್ದ ಸೈನಿಕರ ಮನೆಗಳವರು ಈ ಬಾಂಬಿನಿಂದಲೇ ತಮ್ಮವರು ಜೀವಂತ ಹಿಂತಿರುಗಿದರೆಂದು ನಂಬಿದ್ದಾರೆ. ಪರೀಕ್ಷೆಯ ನಿರ್ದೇಶಕರಾಗಿದ್ದ ಕೆನೆತ್ ಬೇನ್‌ಬ್ರಿಜ್ ಅವರು ಸ್ಫೋಟವಾದೊಡನೆ ಓಪನ್‌ಹೈಮರ್ ಅವರಿಗೆ, ಇನ್ನು ನಾವೆಲ್ಲರೂ ನೀಚರೇ ಎಂಬರ್ಥದ ಒರಟು ಬೈಗುಳವನ್ನು ಆಡಿದ್ದರು. ಆ ಬೈಗುಳದಲ್ಲಿ ಕರ್ತೃಪದವಿತ್ತು ಎಂಬುದನ್ನು ನಾನು ಗೌರವದಿಂದ ಗಮನಿಸುತ್ತೇನೆ. 'ನಾವು' ಎಂದರು ಅವರು. ಇಪ್ಪತ್ತು ವರ್ಷಗಳ ನಂತರ ಕಲ್ಲಿಗೆ ಬರುವಷ್ಟರಲ್ಲಿ ಆ 'ನಾವು' ಎಂಬುದು ಮಾಯವಾಗಿತ್ತು.

ಹಾಗೆಂದು ಆ ಕಲ್ಲನ್ನು ಕೆಡವಬೇಕೆಂದು ನಾನು ಹೇಳುವುದಿಲ್ಲ. ಅದು ಸುಳ್ಳು ಹೇಳುವುದಿಲ್ಲ. ಅದರ ಒಂದೊಂದು ಪದವೂ ಸತ್ಯ. ಸತ್ಯವಾದ ಪದಗಳಿಂದಲೇ ಅಪೂರ್ಣವಾದ ಚರಿತ್ರೆಯನ್ನು ಬರೆಯಲು ಸಾಧ್ಯವೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಅಲ್ಲಿಗೆ ಹೋಗುವ ಅವಕಾಶ ನಿಮ್ಮಲ್ಲಿ ಯಾರಿಗಾದರೂ ಒದಗಿದರೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದೊಯ್ಯಿರಿ. ಪ್ರವೇಶದ ದಿನಗಳಲ್ಲಿ ದ್ವಾರದ ಹೊರಗೆ ಫಲಕಗಳನ್ನು ಹಿಡಿದು ಮೌನವಾಗಿ ನಿಲ್ಲುವವರುಂಟು. ಅವರ ಬಳಿ ಐದು ನಿಮಿಷ ನಿಂತು ಮಾತನಾಡಿಸಿ. ಕಲ್ಲಿನ ಮೇಲೆ ಇಲ್ಲದ ಭಾಗವನ್ನು ಹೇಳುವವರು ಅವರೇ.

ಟುಲರೋಸಾ ಊರಿನಲ್ಲಿ ಪ್ರತಿವರ್ಷ ಜುಲೈ 16ರ ಆಸುಪಾಸಿನ ಒಂದು ಸಂಜೆ ಜನರು ಮೈದಾನದಲ್ಲಿ ಸೇರುತ್ತಾರೆ. ನ್ಯೂ ಮೆಕ್ಸಿಕೋದವರಿಗೆ ಕ್ರಿಸ್‌ಮಸ್ ಕಾಲದಲ್ಲಿ ಕಾಗದದ ಚೀಲಕ್ಕೆ ಮರಳು ತುಂಬಿ ಒಳಗೆ ಮೊಂಬತ್ತಿ ಹಚ್ಚಿಡುವ ಹಳೆಯ ಪದ್ಧತಿಯುಂಟು. ಅಂದು ಅದೇ ದೀಪಗಳನ್ನು, ಕ್ಯಾನ್ಸರಿನಿಂದ ತೀರಿಕೊಂಡ ತಮ್ಮವರಿಗಾಗಿ ಹಚ್ಚುತ್ತಾರೆ. ಅನಂತರ ಅವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ. ತಾಯಿ, ತಂದೆ, ಅಜ್ಜಿ, ಚಿಕ್ಕಪ್ಪ. ಪಟ್ಟಿ ಉದ್ದವಾದುದರಿಂದ ಓದಿ ಮುಗಿಸಲು ಬಹಳ ಹೊತ್ತು ಹಿಡಿಯುತ್ತದೆ.